ಗೋಡೆ ದಾಟಿದ ಹುಲ್ಲು

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಕಡಲ ದಂಡೆಯ ಹೋಟೆಲಿನ ತೋಟದಲ್ಲಿ ಹುಲ್ಲಕ್ಕ ಪೈಪು ಹಿಡಿದು ಎಲೆಗಳ ಮುಖ ತೊಳೆಯುತ್ತಿದ್ದಾರೆ. ರಾತ್ರಿಯಿಡೀ ಬೀಸಿದ ಗಾಳಿ ಎಲೆಯೆಲೆಗೂ ಉಪ್ಪು ಸವರಿ ಹೋಗಿದೆ. "ಬಿಸಿಲು ಬೀಳೋಕೆ ಮುಂಚೆ ತೊಳೀಬೇಕು. ಇಲ್ಲಾಂದ್ರೆ ಅಂಚು ಸುಟ್ಟು ಹೋಗುತ್ತೆ," ಎನ್ನುತ್ತಾ ನಿತ್ಯಪುಷ್ಪದ ಸಾಲಿನತ್ತ ಬಾಗುತ್ತಾರೆ. ಮಾತು ನಮ್ಮ ಜೊತೆ, ಕಣ್ಣು ಗಿಡದ ಮೇಲೆ.

"ಹಸು ಇಲ್ದೆ ಹುಲ್ಲು ಬೆಳೆಸೋರು ನಮ್ಮಕ್ಕ ಒಬ್ರೇ!" ಗೇಟಿನ ಕಾವಲುಗಾರ ಛೇಡಿಸುತ್ತಾನೆ. ಹುಲ್ಲಕ್ಕ ಎಂದು ಹೆಸರಿಟ್ಟವನೂ ಅವನೇ.

"ಹೌದು ಕಣಪ್ಪ, ಮೇಯೋಕೆ ನೀನಿದ್ದೀಯಲ್ಲ!"

ಹದಿನೇಳು ವರ್ಷದ ಹಿಂದೆ, ಗಂಡ ತೀರಿಕೊಂಡ ಮೇಲೆ, ಕಂಕುಳಲ್ಲಿ ಕೂಸು ಹೊತ್ತು ಇಲ್ಲಿಗೆ ಬಂದಾಗ ಇದು ಬರೀ ಮರಳು. "ಆಸೆ ಬಿದ್ದು ಸೇವಂತಿಗೆ ಹಾಕ್ದೆ. ವಾರದಲ್ಲಿ ಕರಕಲು. ಕೂತು ಅತ್ತುಬಿಟ್ಟೆ. ಆಮೇಲೆ ನಂಗಿಷ್ಟ ಆಗೋದನ್ನ ಬಿಟ್ಟು, ಈ ಗಾಳಿಗೆ ಇಷ್ಟ ಆಗೋದನ್ನ ಹುಡುಕ್ದೆ." ಗಾಳಿಗೆ ಎದೆಯೊಡ್ಡಲು ಕಣಗಿಲೆ, ಅದರ ಮರೆಯಲ್ಲಿ ದಾಸವಾಳ, ಕಾಲ ಬಳಿ ನಿತ್ಯಪುಷ್ಪ. ಅತಿಥಿಗಳು ತೋಟಕ್ಕೆ ಬರುವುದು ಸಂಜೆ. ಹಾಗಾಗಿ ಸಂಜೆ ಬಿಸಿಲಿಗೆ ಹೊಳೆಯುವುದನ್ನೇ ಆರಿಸಿ ಆರಿಸಿ ನೆಟ್ಟಿದ್ದಾರೆ.

ಆದರೆ ಆ ಸಂಜೆಯನ್ನು ಅವರು ಒಮ್ಮೆಯೂ ಕಂಡಿಲ್ಲ. ಮಧ್ಯಾಹ್ನ ಮೂರಕ್ಕೆ ತೋಟದ ಕೆಲಸದವರೆಲ್ಲ ಹಿಂಬಾಗಿಲಿನಿಂದ ಆಚೆ. ರಜೆಯ ದಿನವೂ ಒಳಗೆ ಕಾಲಿಡುವಂತಿಲ್ಲ. ಬೆವರಿನ ವಾಸನೆ ದೊಡ್ಡವರ ಮೂಗಿಗೆ ಬಡಿದೀತೆಂಬ ಭಯವೇ? ನೆಟ್ಟವರು ಬೀದಿಗೆ, ಫೋಟೋ ತೆಗೆಸಿಕೊಳ್ಳುವವರು ಬೆಂಚಿಗೆ! ಇದ್ಯಾವ ಸೀಮೆ ನ್ಯಾಯ? "ಹೇಗಿತ್ತಪ್ಪ ನಿನ್ನೆ ಸಂಜೆ?" ಎಂದು ಅಕ್ಕ ದಿನಾ ಕಾವಲುಗಾರನನ್ನು ಕೇಳುತ್ತಾರೆ. ಆ ಪುಣ್ಯಾತ್ಮನ ಬಾಯಲ್ಲಿ ಒಂದೇ ಮಾತು: "ಚೆನ್ನಾಗಿತ್ತಕ್ಕ."

ತೋಟ ದಂಡೆಗಿಂತ ಮೇಲಿದೆ. ಕೆಳಗೆ ಮರಳಿನಲ್ಲಿ ನಿಂತವರಿಗೆ ಕಾಣುವುದು ಬರೀ ಗೋಡೆ. ಹೋದ ಮಳೆಗಾಲದಲ್ಲಿ ಆ ಗೋಡೆಗುಂಟ ಅಕ್ಕ ಎತ್ತರದ ಹುಲ್ಲು ನೆಟ್ಟರು, ಗುಲಾಬಿ ಬಣ್ಣದ ಕುಂಚದಂಥ ಹೂ ಬಿಡುವಂಥದ್ದು. ಗಾಳಿ ತಡೆಯೋಕೆ ಅಂತ ಎಲ್ಲರೂ ಅಂದುಕೊಂಡರು. "ಗಾಳಿಗೂ ಆಯ್ತು," ಅಕ್ಕ ದನಿ ತಗ್ಗಿಸುತ್ತಾರೆ. "ಗೋಡೆ ದಾಟಿ ಬೆಳೆದ್ರೆ ಆಚೆ ನಿಂತವ್ರಿಗೂ ಒಂಚೂರು ಕಾಣುತ್ತಲ್ಲ."

ಹುಲ್ಲು ಗೋಡೆ ದಾಟಿದೆ. ಕುಂಚ ಇನ್ನೂ ಬಿಚ್ಚಿಲ್ಲ. ಅಷ್ಟರಲ್ಲಿ ಮ್ಯಾನೇಜರರ ಅಪ್ಪಣೆಯಾಗಿದೆ: ಬೆಂಚಿನಲ್ಲಿ ಕೂತವರಿಗೆ ಕಡಲು ಕಾಣುತ್ತಿಲ್ಲ, ಗೋಡೆ ಮಟ್ಟಕ್ಕೆ ಕತ್ತರಿಸಿ. ಹೂ ಬರೋವರೆಗಾದರೂ ಬಿಡಿ ಎಂದು ಅಕ್ಕ ಕೈ ಮುಗಿದರೆ, "ನೋಡೋಣ" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದಾರೆ ಸಾಹೇಬರು.

ಸಂಜೆ ದಂಡೆಯಲ್ಲಿ ಎಲ್ಲರ ಮುಖ ಕಡಲ ಕಡೆಗೆ. ಹುಲ್ಲಕ್ಕ ಮತ್ತು ಹೊಲಿಗೆ ಕೆಲಸ ಮುಗಿಸಿ ಬಂದ ಮಗಳು ಮಾತ್ರ ಕಡಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತಿದ್ದಾರೆ. ಮೇಲೆ ಹಸಿರು ತುದಿಗಳು ತೂಗುತ್ತಿವೆ.

"ಜನ ನಮ್ಮನ್ನ ಹುಚ್ಚರು ಅಂತಾರಮ್ಮ."

"ಅಂದ್ಕೊಳ್ಳಲಿ ಬಿಡೇ."

ನಿಮಗೇನಾಗಬೇಕಕ್ಕ ಎಂದು ಕೇಳಿದರೆ, ಗೋಡೆಯಿಂದ ಕಣ್ಣು ಕೀಳದೆ ಹೇಳುತ್ತಾರೆ: "ಒಂದೇ ಒಂದು ಸಂಜೆ, ಅದು ಹೂ ಬಿಟ್ಟು ನಿಂತಿದ್ದನ್ನ ಇವಳಿಗೆ ತೋರಿಸ್ಬೇಕು. ನಾನೂ ನೋಡ್ಬೇಕು. ಮಾರನೇ ಬೆಳಿಗ್ಗೆ ನಾನೇ ಕತ್ತರಿಸಿ ಹಾಕ್ತೀನಿ. ಬೇರೆಯವ್ರು ಮುಟ್ಟೋದು ಬೇಡ."