ಮಣೆ ಮೇಲೆ ನಿಂತ್ಕೊ

ನನ್ನ ದೊಡ್ಡಮ್ಮನ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಸುಳ್ಳಲ್ಲ, ಚಿಕ್ಕಂದಿನಲ್ಲಿ ನಾನೇ ಬಾಚಿಕೊಂಡಿದ್ದೇನೆ. ಬೀದಿಯವರು ಅದನ್ನು ಕನ್ನಡಿಮನೆ ಎಂದೇ ಕರೆಯುತ್ತಿದ್ದರು. ಆ ಕನ್ನಡಿಮನೆಯಲ್ಲಿ ನನ್ನ ಅಮ್ಮ ಕರೆಂಟ್ ಹೊಡೆದು ಸತ್ತಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ; ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ನನಗಿಲ್ಲ.

ನೆಲ ಮಾಡಿದ್ದು ದೊಡ್ಡಪ್ಪ. ಗಾರೆ ಕೆಲಸದವನು, ಕೆಂಪು ನೆಲ ಎಂದರೆ ಎತ್ತಿದ ಕೈ. ಜೀವಮಾನವೆಲ್ಲ ಒಂದು ಮರದ ಮಣೆಯ ಮೇಲೆ ಮಂಡಿಯೂರಿ ಕಂಡವರ ಮನೆಯ ನೆಲ ನುಣುಪು ಮಾಡಿದ. ಮಂಡಿ ಸವೆದು ಮೆಟ್ಟಿಲು ಹತ್ತಲೂ ಆಗದ ಕಾಲಕ್ಕೆ ತನ್ನ ಮನೆಗೆ ಕೈಹಾಕಿದ. ಕೆಂಪು ಪುಡಿ ಕಲಸಿದ್ದು, ಕರಣೆ ಎಳೆದದ್ದು, ಒದ್ದೆ ಗೋಣಿಚೀಲ ಹೊದಿಸಿ ಕಾದದ್ದು ಎಲ್ಲ ಅವನೇ. ದೊಡ್ಡಮ್ಮ ಪಕ್ಕದಲ್ಲಿ ಕೂತು ನೀರು ಚಿಮುಕಿಸುತ್ತಿದ್ದಳು. ಕೂದಲೆಳೆಯಷ್ಟು ಬಿರುಕೂ ಬರಲಿಲ್ಲ. ಆ ನೆಲದ ಮೇಲೆ ಅವನು ಹೆಚ್ಚು ಕಾಲ ಓಡಾಡಲಿಲ್ಲ. ಎದೆನೋವು ಎಂದ, ಹೋದ. ಮಕ್ಕಳಿಲ್ಲದ ದೊಡ್ಡಮ್ಮನಿಗೆ ಉಳಿದದ್ದು ಆ ನೆಲ, ಆ ಮಣೆ, ಮತ್ತೆ ತಂಗಿ, ಅಂದರೆ ನನ್ನ ಅಮ್ಮ.

ಹೊಟ್ಟೆಪಾಡಿಗೆ ದೊಡ್ಡಮ್ಮ ಒಂದು ಲಾಡ್ಜಿನ ಹಾಸಿಗೆ ಬಟ್ಟೆ ಒಗೆದುಕೊಡುತ್ತಿದ್ದಳು. ಲಾಡ್ಜಿನವರು ಹೊಸ ವಾಷಿಂಗ್ ಮಷೀನ್ ತಂದಾಗ ಹಳೆಯದನ್ನು ಇವಳ ತಲೆಗೆ ಕಟ್ಟಿದರು. ಅದು ನಲ್ಲಿ ಇದ್ದ ಮೂಲೆಯಲ್ಲಿ, ಕೆಂಪು ನೆಲದ ಮೇಲೆ, ಅಳಿಯನ ಹಾಗೆ ಕೂತುಕೊಂಡಿತು. ಅಮ್ಮ ದಿನಾ ಮಧ್ಯಾಹ್ನ ಹೋಗುತ್ತಿದ್ದಳು. ಅಕ್ಕತಂಗಿ ಇಬ್ಬರೂ ಹೊದಿಕೆಯ ಎರಡು ತುದಿ ಹಿಡಿದು ಹಿಂಡುವುದು, ಒಣಹಾಕುವುದು, ಊರವರನ್ನೆಲ್ಲ ಆಡಿಕೊಂಡು ನಗುವುದು. ನಗುವಾಗ ಇಬ್ಬರದೂ ಒಂದೇ ದನಿ.

ಆ ಮಷೀನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಮೊದಮೊದಲು ಇರುವೆ ಕಚ್ಚಿದಷ್ಟು, ಬರುಬರುತ್ತಾ ಮೊಣಕೈವರೆಗೆ. ಬೇರೆ ಯಾರಾದರೂ ಆಗಿದ್ದರೆ ಪ್ಲಗ್ ಕಿತ್ತು ರಿಪೇರಿಯವನನ್ನು ಕರೆಯುತ್ತಿದ್ದರು. ದೊಡ್ಡಮ್ಮ ಏನು ಮಾಡಿದಳು? ದೊಡ್ಡಪ್ಪನ ಮಣೆ ತಂದು ಮಷೀನಿನ ಮುಂದೆ ಹಾಕಿದಳು. ಮಣೆಯ ಮೇಲೆ ನಿಂತು ಮುಟ್ಟಿದರೆ ಜುಮ್ಮೆನ್ನುತ್ತಿರಲಿಲ್ಲ. ಅಲ್ಲಿಗೆ ಸಮಸ್ಯೆ ಮುಗಿಯಿತು! ಅಂದಿನಿಂದ ಆ ಮನೆಗೆ ಯಾರೇ ಬರಲಿ, ಮೂಲೆಯ ಕಡೆ ಹೆಜ್ಜೆ ಹಾಕಿದರೆ ಒಳಗಿನಿಂದ ಕೂಗು ಬರುತ್ತಿತ್ತು: "ಮಣೆ ಮೇಲೆ ನಿಂತ್ಕೊ!"

"ಅಲ್ಲ ಅಕ್ಕಾ, ಕರೆಂಟ್ ಜೊತೆ ಎಂಥ ಸಂಸಾರ ನಿಂದು?" ಎಂದು ಅಮ್ಮ ಕೇಳಿದರೆ, "ನಿಮ್ಮ ಭಾವ ಹೋದ್ಮೇಲೆ ನನ್ನ ಕೈ ಹಿಡಿಯೋಕೆ ಇದೊಂದೇ ಕಣೇ ಉಳಿದಿರೋದು" ಎಂದು ದೊಡ್ಡಮ್ಮ ಕಣ್ಣು ಮಿಟುಕಿಸುತ್ತಿದ್ದಳು. ಅಮ್ಮ ಬಿದ್ದುಬಿದ್ದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು.

ನಾನು ಕೆಲಸ ಮಾಡುವುದು ಚಪ್ಪಲಿ ಅಂಗಡಿಯಲ್ಲಿ. ದಪ್ಪ ರಬ್ಬರಿನ ಚಪ್ಪಲಿ ಎರಡು ಜೊತೆ ತಂದುಕೊಟ್ಟೆ. "ಇದನ್ನಾದ್ರೂ ಹಾಕ್ಕೊಂಡು ಮುಟ್ಟಿ, ದಮ್ಮಯ್ಯ" ಎಂದೆ. ದೊಡ್ಡಮ್ಮ ಹಾವು ಕಂಡವಳಂತೆ ಹಿಂದೆ ಸರಿದಳು. "ಈ ನೆಲದ ಮೇಲೆ ಚಪ್ಪಲೀನಾ? ಅವರು ಮಂಡಿಯೂರಿ ಮಾಡಿದ ನೆಲ ಕಣೇ ಇದು. ಚಪ್ಪಲಿ ತುಳಿಸ್ತೀಯಾ?" ಚಪ್ಪಲಿಗಳು ಪ್ಲಾಸ್ಟಿಕ್ ಚೀಲದಲ್ಲೇ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದವು.

ಆಗ ನಾನು ವೈರ್‌ಮ್ಯಾನ್ ಒಬ್ಬನನ್ನು ಎಳೆದುಕೊಂಡು ಹೋದೆ. ಅವನು ಟೆಸ್ಟರ್ ಇಟ್ಟು ನೋಡಿದ. ಮಷೀನಿನ ಮೈಗೆ ತಾಗಿಸಿದ್ದೇ ತಡ ಟೆಸ್ಟರಿನೊಳಗಿನ ದೀಪ ಕೆಂಪಗೆ ಹತ್ತಿಕೊಂಡಿತು. "ಅಮ್ಮ, ಒಳಗೆ ಎಲ್ಲೋ ವೈರ್ ಸುಲಿದಿದೆ. ಅದನ್ನ ಸರಿ ಮಾಡ್ತೀನಿ. ಆದ್ರೆ ನಿಮ್ಮ ಮನೆಗೆ ಅರ್ಥಿಂಗೇ ಇಲ್ಲ. ನಾಳೆ ಮತ್ತೆ ಸೋರಿದ್ರೆ ಕರೆಂಟ್ ನಿಮ್ಮ ಮೈಯಿಂದಾನೇ ಭೂಮಿಗೆ ಇಳಿಯುತ್ತೆ. ಹಿತ್ತಲಲ್ಲಿ ಗುಂಡಿ ತೆಗೆದು ತಂತಿ ಇಳಿಸ್ಬೇಕು. ಸೋರಿದ ತಕ್ಷಣ ತಾನಾಗೇ ಆಫ್ ಆಗೋ ಸ್ವಿಚ್ ಒಂದು ಹಾಕ್ಬೇಕು."

"ಹಾಕಪ್ಪ, ಬೇಡ ಅಂದವರು ಯಾರು?" ಎಂದಳು ದೊಡ್ಡಮ್ಮ.

"ಈ ಗೋಡೆ ಪಕ್ಕದ ಮನೆಯವರದು, ಕಲ್ಲಿನದು, ಕೊರೆಯೋ ಹಾಗಿಲ್ಲ. ತಂತಿ ಹಿತ್ತಲಿಗೆ ಹೋಗೋಕೆ ಈ ಮೂಲೇಲಿ ನೆಲ ಸ್ವಲ್ಪ ಒಡೀಬೇಕಾಗುತ್ತೆ."

ದೊಡ್ಡಮ್ಮನ ಮುಖ ಕಪ್ಪಿಟ್ಟಿತು. "ನೆಲ ಮುಟ್ಟೋ ಹಾಗಿಲ್ಲ" ಎಂದಳು. ಅಮ್ಮ ಹೇಳಿದಳು, ನಾನು ಬಾಯಿ ಬಡಿದುಕೊಂಡೆ, ವೈರ್‌ಮ್ಯಾನ್ ಕೈಮುಗಿದ. "ಇಷ್ಟು ದಿನ ಏನೂ ಆಗಿಲ್ಲ, ಮಣೆ ಇದೆಯಲ್ಲ" ಎಂದು ಪಟ್ಟು ಹಿಡಿದಳು. ಅವನು ಸುಲಿದ ವೈರಿಗೆ ಟೇಪು ಸುತ್ತಿ, "ಇದನ್ನ ನಂಬ್ಕೊಂಡು ಕೂರಬೇಡಿ" ಎಂದು ಹೇಳಿ ಹೋದ. ದೊಡ್ಡಮ್ಮ ಟೇಪನ್ನೂ ನಂಬಿದಳು, ಮಣೆಯನ್ನೂ ನಂಬಿದಳು. ಅಮ್ಮ ಅಕ್ಕನನ್ನು ನಂಬಿದಳು.

ಆ ದಿನದ ವಿಷಯ ನನಗೆ ಹೇಳಿದ್ದು ದೊಡ್ಡಮ್ಮನೇ. ಒಂದಕ್ಷರ ಮುಚ್ಚಿಡದೆ ಹೇಳಿದಳು. ಮಣೆಯ ಅಡಿ ಪಾಚಿ ಕಟ್ಟಿ ನೆಲದ ಮೇಲೆ ಕರಿ ಗುರುತು ಬೀಳುತ್ತಿತ್ತಂತೆ. ಬೆಳಿಗ್ಗೆ ಅದನ್ನು ನೀರಲ್ಲಿ ನೆನೆಹಾಕಿ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ, ಹಿತ್ತಲಲ್ಲಿ ಒಣಗಲಿಟ್ಟಳು. ಮೋಡ ಕವಿದಿತ್ತು, ಒಣಗಲಿಲ್ಲ. ಅಷ್ಟರಲ್ಲಿ ಲಾಡ್ಜಿನ ಬಟ್ಟೆ ಬಂತು, ಅಮ್ಮನೂ ಬಂದಳು. ಒದ್ದೆ ಮಣೆಯನ್ನೇ ತಂದು ಮಷೀನಿನ ಮುಂದೆ ಇಟ್ಟು ದೊಡ್ಡಮ್ಮ ಹಗ್ಗ ಕಟ್ಟಲು ಹಿತ್ತಲಿಗೆ ಹೋದಳು. ಮಷೀನಿನ ಕೊಳವೆ ಜಾರಿ ಮೂಲೆಯ ನೆಲವೆಲ್ಲ ನೀರಾಗಿತ್ತು. ನೀರು ಕುಡಿದ ಮರ ಕರೆಂಟನ್ನು ತಡೆಯುವುದಿಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಣೆ ಎಂದರೆ ಮಣೆ, ಅಷ್ಟೇ.

ಹಿತ್ತಲಿಂದ ದೊಡ್ಡಮ್ಮ ಎಂದಿನಂತೆ ಕೂಗಿದಳು: "ಮಣೆ ಮೇಲೆ ನಿಂತ್ಕೊಂಡ್ಯೇನೇ?"

"ನಿಂತಿದೀನಿ ಅಕ್ಕಾ!"

ಆಮೇಲೆ ಅಮ್ಮನ ದನಿ ಬರಲಿಲ್ಲ. ಟೇಪು ಯಾವಾಗಲೋ ಬಿಟ್ಟುಕೊಂಡಿತ್ತು. ದೊಡ್ಡಮ್ಮ ಒಳಗೆ ಬಂದು ನೋಡಿದಾಗ ಅಮ್ಮನ ಕೈ ಮಷೀನಿಗೆ ಅಂಟಿಕೊಂಡಿತ್ತು, ಹಲ್ಲು ಕಚ್ಚಿಕೊಂಡಿತ್ತು. ಓಡಿಹೋಗಿ ರಟ್ಟೆ ಹಿಡಿದಳು. ಅವಳನ್ನೂ ಎತ್ತಿ ಒಗೆಯಿತು. ಕಿರುಚಾಟ ಕೇಳಿ ಬಂದ ಪಕ್ಕದ ಮನೆಯ ದರ್ಜಿ, "ಮುಟ್ಟಬೇಡಿ, ಮುಟ್ಟಬೇಡಿ, ಮೇನ್ ತೆಗೀರಿ!" ಎಂದು ತಾನೇ ನುಗ್ಗಿ ಮೇನ್ ಸ್ವಿಚ್ ಇಳಿಸಿದ. ಅಮ್ಮ ಆ ಹೊಳೆಯುವ ನೆಲದ ಮೇಲೆ ಕುಸಿದಳು. ಆಸ್ಪತ್ರೆಯಲ್ಲಿ ನಾಡಿ ನೋಡಿದ್ದಷ್ಟೇ, ಮಾಡಲು ಏನೂ ಉಳಿದಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ದೊಡ್ಡಮ್ಮ ನನ್ನ ಅಂಗಡಿಗೆ ಬಂದಳು. ಗಿರಾಕಿಗಳ ಮಧ್ಯೆ ನಿಂತು, "ಅವನನ್ನ ಕರ್ಕೊಂಡು ಬಾ. ನೆಲ ಒಡೀಲಿ" ಎಂದಳು. ಈಗೇನು ಒಡೆಯುವುದು ಎಂದು ಅವಳ ಮುಖಕ್ಕೆ ಹೇಳಬೇಕೆನಿಸಿತು. ಹೇಳಿದೆ ಕೂಡ. ಅವಳು ತಲೆ ತಗ್ಗಿಸಿ ಅಲ್ಲೇ ನಿಂತಿದ್ದಳು.

ವೈರ್‌ಮ್ಯಾನ್ ಉಳಿ ಸುತ್ತಿಗೆ ತಂದ. ಮೊದಲ ಏಟಿಗೆ ದೊಡ್ಡಮ್ಮ ಕಿವಿ ಮುಚ್ಚಿಕೊಂಡಳು. ಕೆಂಪು ಚೂರುಗಳು ಎದ್ದವು, ಕೆಳಗೆ ಬರೀ ಮಣ್ಣು. ಮೂಲೆಯಲ್ಲಿ ಒಂದಿಷ್ಟು ಅಗೆದು, ಪೈಪ್ ತೂರಿಸಿ, ತಂತಿಯನ್ನು ಹಿತ್ತಲಿನ ಗುಂಡಿಗೆ ಇಳಿಸಿದ. ಬೋರ್ಡಿನಲ್ಲಿ ಹೊಸ ಸ್ವಿಚ್ ಕೂರಿಸಿದ, ಮಷೀನಿನ ವೈರ್ ಪೂರ್ತಿ ಬದಲಾಯಿಸಿದ. ಒಡೆದ ಜಾಗಕ್ಕೆ ಬೂದು ಸಿಮೆಂಟ್ ಮೆತ್ತಿ ಕೈ ತೊಳೆದುಕೊಂಡಾಗ ಇನ್ನೂ ಊಟದ ಹೊತ್ತೂ ಆಗಿರಲಿಲ್ಲ. ಟೆಸ್ಟರ್ ಇಟ್ಟು ತೋರಿಸಿದ, ದೀಪ ಹತ್ತಲಿಲ್ಲ.

ದೊಡ್ಡಮ್ಮ ಬರಿಗಾಲಲ್ಲಿ ಹೋಗಿ ಮಷೀನಿನ ಮೇಲೆ ಅಂಗೈ ಪೂರ್ತಿ ಊರಿದಳು. ಕಾದಳು. ಏನೂ ಆಗಲಿಲ್ಲ. ಕಾಲ ಬುಡದ ಬೂದು ತೇಪೆಯನ್ನು ನೋಡಿದಳು. ಆ ಮಣೆಯನ್ನು ಮೇಲಿಟ್ಟರೆ ತೇಪೆ ಪೂರ್ತಿ ಮುಚ್ಚಿಹೋಗುತ್ತಿತ್ತು.

"ಇಷ್ಟೇನಾ?" ಎಂದು ಕೇಳಿದಳು.

"ಇಷ್ಟೇ ಅಮ್ಮ" ಎಂದ ಅವನು.

"ಇಷ್ಟೇನಾ?" ಎಂದು ನನ್ನನ್ನು ಕೇಳಿದಳು. ಅವಳು ಅಲ್ಲೇ ಕೂತು ಹಣೆ ಹಣೆ ಚಚ್ಚಿಕೊಂಡು ಅತ್ತಳು. ನಾನು ಹಿಡಿದುಕೊಳ್ಳಲಿಲ್ಲ. ಸಿಟ್ಟು ಅಷ್ಟಿತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ. ಆದರೂ ವಾರಕ್ಕೊಮ್ಮೆ ಹೋಗುತ್ತೇನೆ. ಅಮ್ಮನ ದನಿ ಇನ್ನು ಈ ಭೂಮಿಯ ಮೇಲೆ ಉಳಿದಿರುವುದು ಅವಳ ಗಂಟಲಲ್ಲಿ ಮಾತ್ರ.

ದೊಡ್ಡಮ್ಮ ಈಗ ನೆಲ ಉಜ್ಜುವುದಿಲ್ಲ. ಹೊಳಪು ಹೋಗಿ ಅದು ಎಲ್ಲರ ಮನೆಯ ನೆಲದಂತಾಗಿದೆ. ಬೀದಿಯವರೂ ಕನ್ನಡಿಮನೆ ಎನ್ನುವುದನ್ನು ಬಿಟ್ಟಿದ್ದಾರೆ. ನಾನು ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿ ಬಿಡಲು ಹೋದರೆ ಒಳಗಿನಿಂದ ಅವಳ ಕೂಗು ಬರುತ್ತದೆ:

"ಬಿಡಬೇಡ ಕಣೇ, ಹಾಕ್ಕೊಂಡೇ ಬಾ."

ಹಾಕಿಕೊಂಡೇ ಹೋಗುತ್ತೇನೆ.