ಮೋನಪ್ಪನ ಕೈಗುಣ

ಅಗುಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತಿದ ಮೋನಪ್ಪನಿಗೆ ಆವತ್ತೂ ತಲೆಬುಡ ತಿಳಿಯಲಿಲ್ಲ. ಒಂದು ಅಗುಳು ಮುಟ್ಟುವಷ್ಟರಲ್ಲಿ ಕರಗಿತು. ಪಕ್ಕದ್ದು ಒಳಗೆ ಹರಳಿನ ಹಾಗೆ ಗಟ್ಟಿ. ಮೂರನೆಯದು ಮಾತ್ರ ಎಷ್ಟು ಬೇಕೋ ಅಷ್ಟೇ ಬೆಂದಿತ್ತು. ಪಾತ್ರೆ ಒಂದೇ, ನೀರು ಒಂದೇ, ಉರಿಯೂ ಒಂದೇ. ಇನ್ನೆರಡು ನಿಮಿಷ ಬಿಟ್ಟರೆ ಕರಗಿದ್ದು ಅಂಟಾಗುತ್ತದೆ, ಈಗಲೇ ಬಸಿದರೆ ಗಟ್ಟಿಯದ್ದು ಹಲ್ಲಿಗೆ ಸಿಗುತ್ತದೆ. ಹೀಗಾಗುತ್ತಿರುವುದು ಇದು ಆರನೆಯ ದಿನ.

"ಅಪ್ಪ, ಇವತ್ತೂ ಅನ್ನದಲ್ಲಿ ಕಲ್ಲು ಉಂಟು," ಎಂದಳು ಒಂಬತ್ತು ವರ್ಷದ ಮಗಳು ವಿನೋದಿನಿ.

"ಕಲ್ಲಲ್ಲ. ಸುಮ್ಮನೆ ಉಣ್ಣು," ಎಂದು ಶೀಲಾವತಿ ಮಗಳನ್ನು ಗದರಿದಳು. ಗಂಡನ ಮುಖ ಮಾತ್ರ ನೋಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಇವತ್ತು ಅನ್ನ ಕೆಟ್ಟಿತು ಎಂದು ಉಂಡು ಕೈತೊಳೆದು ಏಳುತ್ತಿದ್ದರು. ಆದರೆ ಮೋನಪ್ಪ ಅನ್ನದ ಮನುಷ್ಯ. ಹದಿಮೂರರ ಪ್ರಾಯದಲ್ಲಿ ಮಂಗಳೂರಿನಿಂದ ಸ್ಟೀಮರು ಹತ್ತಿ ಈ ಶಹರಕ್ಕೆ ಬಂದು, ಫೋರ್ಟ್ ಪೇಟೆಯ ಒಂದು ಗಲ್ಲಿಯಲ್ಲಿ ಪೂವಪ್ಪನವರ ಊಟದ ಹೋಟೆಲಿಗೆ ಸೇರಿದವನು. ನಾಲ್ಕು ವರ್ಷ ಪಾತ್ರೆ ತಿಕ್ಕಿದ, ಆಮೇಲೆ ಇಪ್ಪತ್ತೆರಡು ವರ್ಷ ಅನ್ನದ ಹಂಡೆಯ ಮುಂದೆ ನಿಂತ. ಆಫೀಸುಗಳ ಗುಮಾಸ್ತರು ಅಲ್ಲಿಗೆ ಬರುವುದು ಮೀನಿನ ಸಾರಿಗೆ ಎಂದು ಎಲ್ಲರೂ ಹೇಳುತ್ತಿದ್ದರು. ಸಾರು ಎಲ್ಲ ಕಡೆಯೂ ಉಂಟು, ಬರುವುದು ಮೋನಪ್ಪನ ಅನ್ನಕ್ಕೆ ಎಂದು ಧಣಿ ಪೂವಪ್ಪನವರಿಗೆ ಮಾತ್ರ ಗೊತ್ತಿತ್ತು. ಹಂಡೆಗೆ ಬೆನ್ನು ಹಾಕಿ ನಿಂತು, ಕುದಿಯುವ ಸದ್ದು ಕೇಳಿಯೇ "ಇಳಿಸಿ" ಎನ್ನುತ್ತಿದ್ದ ಅವನು. ಸ್ವಲ್ಪ ಜಂಬವೂ ಇತ್ತು, ಮುಚ್ಚಿಡುವುದೇಕೆ.

ಆ ಜಂಬದ ಒಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಆಂಟಾಪ್ ಹಿಲ್‌ನ ಅವರ ಚಾಳಿನಲ್ಲಿ ಪ್ರತಿ ಬಾಗಿಲ ಒಳಗೂ ಒಂದು ಡಬ್ಬಿ ತೂಗುತ್ತಿತ್ತು. ಅಡುಗೆಗೆ ಅಕ್ಕಿ ಅಳೆಯುವಾಗ ದಿನಕ್ಕೊಂದು ಹಿಡಿ ಅದಕ್ಕೆ ಹಾಕಬೇಕು. ಶನಿವಾರ ಮಹಿಳಾ ಸಮಾಜದ ಅಲಮೇಲಮ್ಮ ಬಂದು ಎಲ್ಲ ಡಬ್ಬಿಗಳನ್ನೂ ಒಂದೇ ಚೀಲಕ್ಕೆ ಸುರಿದುಕೊಂಡು ಹೋಗಿ ಇಲ್ಲದವರ ಮನೆಗೆ ಮುಟ್ಟಿಸುತ್ತಿದ್ದರು. ಯಾರ ಮನೆಗೆ ಎಂದು ಕೇಳಬಾರದು, ಅವರು ಹೇಳುವುದೂ ಇಲ್ಲ. ಮೋನಪ್ಪ ದುಡಿಯುತ್ತಿದ್ದ ಕಾಲದಲ್ಲಿ ಒಮ್ಮೆ ಶೀಲಾವತಿ ಒಳ್ಳೆ ಅಕ್ಕಿಯನ್ನೇ ಹಿಡಿ ತುಂಬ ಎತ್ತಿದ್ದು ಕಂಡು, "ಎಂತ ಮಾರಾಯ್ತಿ, ಪುಕ್ಕಟೆ ಉಣ್ಣುವವರಿಗೆ ನುಚ್ಚು ಸಾಲದಾ?" ಎಂದಿದ್ದ. ಅಂದಿನಿಂದ ಆ ಡಬ್ಬಿಗೆ ನುಚ್ಚೇ ಬೀಳುತ್ತಿತ್ತು.

ಆಮೇಲೆ ಟೈಫಾಯಿಡ್ ಬಂತು. ರೇಷನ್ನಿನ ಕಟ್ಟುಪಾಡು ತೆಗೆದು ಎರಡು ವರ್ಷವಾಗಿ ಜನ ಈಗಷ್ಟೇ ಹೊಟ್ಟೆ ತುಂಬ ಉಣ್ಣಲು ಕಲಿಯುತ್ತಿದ್ದ ಕಾಲ. ಇವನು ಮೂರು ತಿಂಗಳು ಚಾಪೆ ಹಿಡಿದ. ಶೀಲಾವತಿ ಮೇಲಿನ ಮಾಳಿಗೆಯ ಮನೆಯೊಂದರಲ್ಲಿ ಹಪ್ಪಳ ಲಟ್ಟಿಸಲು ಹೋದಳು. ಜ್ವರದ ನಡುವೆ ಒಮ್ಮೆ ಕಣ್ಣು ಬಿಟ್ಟು, "ಮನೆಯಲ್ಲಿ ಅಕ್ಕಿ ಉಂಟಾ?" ಎಂದು ಕೇಳಿದ್ದಕ್ಕೆ, "ಧಣಿ ಕಳಿಸಿದ್ದಾರೆ, ನೀವು ಮಲಗಿ," ಎಂದಿದ್ದಳು. ಅವನ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ದಿನವೂ ಉಂಡದ್ದು ಗಂಜಿ. ಗಂಜಿಯಲ್ಲಿ ಎಲ್ಲ ಅಕ್ಕಿಯೂ ಒಂದೇ.

ಈಗ ಜ್ವರ ಬಿಟ್ಟಿತ್ತು. ಸೋಮವಾರ ಒಂದನೇ ತಾರೀಕು. ಅಂದು ಬರದಿದ್ದರೆ ಬದಲಿಗೆ ನಿಂತವನನ್ನೇ ಕಾಯಂ ಮಾಡಬೇಕಾಗುತ್ತದೆ ಎಂದು ಧಣಿ ಹೇಳಿ ಕಳಿಸಿದ್ದರು. ಕೈ ಪಳಗಲಿ ಎಂದು ಮೋನಪ್ಪ ಮನೆಯ ಅನ್ನ ತಾನೇ ಮಾಡತೊಡಗಿದ. ನಲ್ಲಿಯ ತನಕ ನಡೆಯುವುದು ಬೇಡವೆಂದು ಹೆಂಡತಿ ಅಕ್ಕಿ ತೊಳೆದು ನೆನೆಹಾಕಿ ಇಟ್ಟು ಹೋಗುತ್ತಿದ್ದಳು. ಹೋಟೆಲಿನಲ್ಲೂ ತೊಳೆಯುವವರು ಬೇರೆಯೇ ಇದ್ದದ್ದರಿಂದ ಅವನಿಗೆ ಅದು ವಿಚಿತ್ರ ಅನ್ನಿಸಲಿಲ್ಲ.

ವಿಚಿತ್ರ ಅನ್ನಿಸಿದ್ದು ಅನ್ನ. ಮೊದಲ ದಿನ ಸ್ಟವ್ವನ್ನು ಬೈದ. ಎರಡನೆಯ ದಿನ ನೆರೆಮನೆಯ ಶೇಗಡಿ ತಂದು ಇದ್ದಲಿನ ಮೇಲೆ ಬೇಯಿಸಿದ, ಅದೇ ಹಾಡು. ಮೂರನೆಯ ದಿನ ನೀರು ಬದಲಿಸಿದ, ನಾಲ್ಕನೆಯ ದಿನ ಪಾತ್ರೆ. ಅಕ್ಕಿಯ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಹೇಗೆ ಬರಬೇಕು? ನೆನೆದು ಉಬ್ಬಿದ ಮೇಲೆ ಎಲ್ಲ ಕಾಳೂ ಒಂದೇ ಬಿಳುಪು. ಧಣಿಯ ಮೂಟೆಯ ಅಕ್ಕಿ, ಇಪ್ಪತ್ತೆರಡು ವರ್ಷ ಇವನು ಹೇಳಿದ ಹಾಗೆ ಕೇಳಿದ ಅಕ್ಕಿ. ಹಾಗಾದರೆ ಕೆಟ್ಟದ್ದು ಯಾವುದು? ಐದನೆಯ ದಿನ ಕಿಟಕಿಯ ಬೆಳಕಿನಲ್ಲಿ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಜ್ವರ ಕೈಗುಣವನ್ನೂ ತೆಗೆದುಕೊಂಡು ಹೋಯಿತೇ? ಕುದಿಯುವ ಸದ್ದು ಕಿವಿಗೆ ಕೇಳುತ್ತಿತ್ತು, ಆದರೆ ಅದು ಏನು ಹೇಳುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಆ ಗಂಡಸಿಗೆ ನಿಜವಾಗಿ ಹೆದರಿಕೆಯಾಯಿತು.

ಭಾನುವಾರ ಬೆಳಗ್ಗೆ ಪೂವಪ್ಪನವರೇ ಬಂದುಬಿಟ್ಟರು. ಬಿಳಿ ಅಂಗಿ, ಕೈಯಲ್ಲಿ ನಾಲ್ಕು ಮೋಸಂಬಿ.

"ಏನು ಮೋನಪ್ಪ, ನಾಳೆ ಬರುತ್ತೀಯಲ್ಲ? ಆ ಬದಲಿಯವನ ಅನ್ನ ಉಂಡು ಗಿರಾಕಿಗಳು ನನ್ನನ್ನೇ ತಿನ್ನುತ್ತಿದ್ದಾರೆ."

ಮೋನಪ್ಪ ತಲೆ ತಗ್ಗಿಸಿದ. "ಅವನನ್ನೇ ಇಟ್ಟುಕೊಳ್ಳಿ ಧಣಿ. ನನ್ನ ಕೈ ಹೋಯಿತು."

"ಎಂತ ಹೋಯಿತು?"

"ಕೈಗುಣ. ನೀವು ಕಳಿಸಿದ ಅಕ್ಕಿಯನ್ನೇ ಬೇಯಿಸಲಿಕ್ಕೆ ಆಗುತ್ತಿಲ್ಲ. ನಾಳೆ ಅಷ್ಟು ಜನರ ಎದುರು ಹಂಡೆ ಕೆಡಿಸಿ ನಿಮ್ಮ ಹೆಸರು ಹಾಳು ಮಾಡಲಾರೆ."

ಪೂವಪ್ಪ ಮಿಕಮಿಕ ನೋಡಿದರು. "ನಾನು ಕಳಿಸಿದ ಅಕ್ಕಿ? ಯಾವ ಅಕ್ಕಿ?"

ಮೋನಪ್ಪನಿಗೆ ಇದ್ದ ಗೊಂದಲ ಇಮ್ಮಡಿಯಾಯಿತು. ಧಣಿ ಕಳಿಸಿಲ್ಲವೆಂದರೆ ಇಷ್ಟು ದಿನ ಉಂಡದ್ದು ಯಾರದ್ದು? ಅವನು ಒಳಗೆ ನೋಡಿದ. ಶೀಲಾವತಿ ಚಹಾದ ಲೋಟ ಹಿಡಿದು ಅಡುಗೆಯ ಮೂಲೆಯಲ್ಲಿ ನಿಂತೇ ಇದ್ದಳು. ಬಾಯಿ ಬಿಟ್ಟರೆ ಧಣಿಯ ಎದುರೇ ಗಂಡನ ಮಾನ ಹೋಗುತ್ತದೆ, ಬಿಡದಿದ್ದರೆ ಅವನ ಕೆಲಸ ಹೋಗುತ್ತದೆ. ಅವಳು ಲೋಟ ಕೆಳಗಿಟ್ಟಳು. ಮೂಲೆಯ ತಗಡಿನ ಡಬ್ಬ ಎಳೆದು ತಂದು, ಇಬ್ಬರ ನಡುವೆ ಮೊರ ಇಟ್ಟು ಅಕ್ಕಿ ಸುರಿದಳು.

"ನಿಮ್ಮ ಕೈಗೆ ಏನೂ ಆಗಿಲ್ಲ," ಎಂದಳು. "ಇದು ಹಿಡಿ ಅಕ್ಕಿ. ನಮ್ಮ ಡಬ್ಬಿ ಎರಡು ಶನಿವಾರ ಖಾಲಿ ಇದ್ದದ್ದು ಕಂಡು, ಅಲಮೇಲಮ್ಮ ಒಂದು ಮಾತೂ ಕೇಳದೆ ಚೀಲ ಇಟ್ಟು ಹೋದರು. ತಿಳಿದರೆ ನೀವು ಉಣ್ಣಲಿಕ್ಕಿಲ್ಲ ಎಂದು ಧಣಿಯ ಹೆಸರು ಹೇಳಿ ಸುಳ್ಳಾಡಿದೆ."

ನೆನೆಹಾಕದ ಒಣ ಅಕ್ಕಿಯನ್ನು ಮೋನಪ್ಪ ಆಗ ಮೊದಲ ಸಲ ನೋಡಿದ. ಬೆರಳಿನಿಂದ ಹರಡಿದ. ಇದು ಉದ್ದ, ಇದು ಗಿಡ್ಡ. ಇದು ಹಳೆಯದು, ನೀರು ಕುಡಿಯುತ್ತದೆ. ಇದು ಹೊಸದು, ಎರಡು ಕುದಿಗೆ ಸೋಲುತ್ತದೆ. ಮೈಸೂರಿನವರ ಸಣ್ಣಕ್ಕಿ, ಯಾರದೋ ಮನೆಯ ಬೆಳ್ಳಗಿನ ಕುಸುಬಲಕ್ಕಿ. ನಲವತ್ತು ಮನೆಯ ಅಕ್ಕಿ ಒಂದೇ ಪಾತ್ರೆಯಲ್ಲಿ ಒಂದೇ ಹದಕ್ಕೆ ಯಾವ ಅಡುಗೆಯವನಿಗೆ ಬಂದೀತು? ಎದೆಯ ಮೇಲಿನ ಕಲ್ಲು ಇಳಿದು ನಗು ಬಂತು. ಮರುಗಳಿಗೆ ಧಣಿ ಎದುರೇ ಕೂತಿದ್ದಾರೆ ಎಂಬುದು ನೆನಪಾಗಿ ನಾಚಿಕೆಯಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಅಕ್ಕಿಯನ್ನೇ ಕೆದಕುತ್ತ ಕೂತ.

"ಇದರಲ್ಲಿ ಅರ್ಧಕ್ಕರ್ಧ ನುಚ್ಚು," ಎಂದ ಕೊನೆಗೆ, ಸಿಟ್ಟಿನಿಂದ. "ಅಂಟಾಗುವುದು ಇದೇ. ಯಾವ ಪುಣ್ಯಾತ್ಮರು ಹಾಕಿದ್ದು ಇದನ್ನು?"

ಶೀಲಾವತಿ ಬಾಗಿಲ ಒಳಗೆ ತೂಗುತ್ತಿದ್ದ ಡಬ್ಬಿಯತ್ತ ನೋಡಿದಳು. ಅವನಿಗೆ ಹಿಂದೆ ತಾನು ಆಡಿದ ನುಚ್ಚಿನ ಮಾತು ನೆನಪಾಯಿತು.

ಪೂವಪ್ಪನವರ ಮುಖವೂ ಚಿಕ್ಕದಾಗಿತ್ತು. "ನನ್ನ ಹೆಸರು ಹೇಳಿದ್ದೀ ತಂಗಿ," ಎಂದರು ಮೆಲ್ಲಗೆ. "ನಾನು ಕಳಿಸಬೇಕಿತ್ತು. ಮೋಸಂಬಿ ತಂದಿದ್ದೇನೆ, ನೋಡು."

ಮೋನಪ್ಪ ಎದ್ದ. "ಊಟ ಮಾಡಿಕೊಂಡು ಹೋಗಿ ಧಣಿ," ಎಂದ. ಮೊರ ಎತ್ತಿಕೊಂಡು ಬಾಗಿಲ ಬಳಿ ಕೂತು, ಕೇರಿ ಕೇರಿ ನುಚ್ಚನ್ನೆಲ್ಲ ಬೇರೆ ಮಾಡಿದ. ಉಳಿದದ್ದನ್ನು ತಾನೇ ನಲ್ಲಿಗೆ ನಡೆದು ತೊಳೆದು ತಂದ, ಹೆಚ್ಚು ಹೊತ್ತು ನೆನೆಸಿದ, ಸ್ಟವ್ವಿಗೆ ಬೆನ್ನು ಹಾಕಿ ನಿಂತ. ಪೂರಾ ಸರಿಯಾಗಲಿಲ್ಲ, ಆದರೂ ಗಟ್ಟಿ ಅಗುಳು ಎಲ್ಲೋ ಒಂದೊಂದು ಮಾತ್ರ ಉಳಿದವು. ಪೂವಪ್ಪ ಎರಡನೆಯ ಸಲ ಬಡಿಸಿಕೊಂಡು, "ನಾಳೆ ಏಳಕ್ಕೇ ಬಾ," ಎಂದರು.

ಮೋನಪ್ಪ ಕೊನೆಗೆ ಕೂತ. ಅವನ ತಟ್ಟೆಯಲ್ಲಿದ್ದದ್ದು ನುಚ್ಚಿನ ಗಂಜಿ, ಒಂದು ಉಪ್ಪಿನಕಾಯಿ ಮೆಣಸು.

"ಅಪ್ಪ, ಒಳ್ಳೆ ಅನ್ನ ಉಂಟಲ್ಲ. ನೀನ್ಯಾಕೆ ಅದನ್ನು ಉಣ್ಣುವುದು?" ಎಂದು ವಿನೋದಿನಿ ಕೇಳಿದಳು.

"ಇದು ನನ್ನ ಪಾಲಿನದ್ದು," ಎಂದ ಮೋನಪ್ಪ.