ಪಲೆರ್ಮೊದಲ್ಲಿ ಇಟ್ಟ ಎಡೆ

ನಂಜನಗೂಡಿನ ನಮ್ಮ ನಡುಮನೆಯ ಬಾಗಿಲು ಬಹಳ ಸಾಧು. ಮುಂದೆ ಮಾಡಿದರೆ ಮುಚ್ಚಿಕೊಳ್ಳುತ್ತದೆ, ಕಿರುಬೆರಳಲ್ಲಿ ನೂಕಿದರೆ ತೆರೆದುಕೊಳ್ಳುತ್ತದೆ, ತಾನಾಗಿ ಚಿಲಕ ಹಾಕಿಕೊಳ್ಳುವ ಅಧಿಕಪ್ರಸಂಗ ಅದಕ್ಕಿಲ್ಲ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಟ್ಟು, ಅವರು ಬಂದು ಸಂಕೋಚವಿಲ್ಲದೆ ಉಣ್ಣಲೆಂದು ನಾವು ಆಚೆ ನಿಲ್ಲುವುದು ಆ ಬಾಗಿಲನ್ನು ಮುಂದೆ ಮಾಡಿಯೇ. ಲೋಕದ ಬಾಗಿಲುಗಳೆಲ್ಲ ಹೀಗೇ ಎಂದು ನಂಬಿಕೊಂಡಿದ್ದವಳು ನಾನು.

ನಮ್ಮೆಜಮಾನರು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರು. ಮೆಡಿಟರೇನಿಯನ್ ಸಮುದ್ರದ ದಡದ ಪಲೆರ್ಮೊ ಎಂಬ ಊರಿನ ಮೇಲೆ ಅವರಿಗೆ ಎಲ್ಲಿಲ್ಲದ ಮೋಹ; ಅರಬರು ಕಟ್ಟಿದ್ದರ ಮೇಲೆ ನಾರ್ಮನ್ನರು ಕಟ್ಟಿದ ಆ ಊರನ್ನು, ತಲಕಾಡಿನ ಮರಳಲ್ಲಿ ಹೂತ ಗುಡಿಗಳ ಪಾಠ ಬಂದಾಗಲೂ ಬಿಡದೆ ಎಳೆದು ತರುತ್ತಿದ್ದರು. ನೋಡದೆಯೇ ಹೋದರು. ಅವರು ಹೋದ ವರ್ಷವೇ ನಾದಿನಿ ಸರೋಜ ಕವಲಂದೆಯಿಂದ ಬಂದು, "ಅಣ್ಣ ನೋಡ್ದೆ ಓದ ಊರ ನಾವಾರ ನೋಡ್ಕಂಡು ಬರವಾ ಅತ್ತಿಗೆ" ಎಂದು ಹೊರಡಿಸಿದಳು. ಟಿಕೆಟ್ಟಾದ ಮೇಲೆ ಪಂಚಾಂಗ ತೆರೆದರೆ, ಅಮಾವಾಸ್ಯೆ ಬೀಳುವುದು ನಾವು ಅಲ್ಲಿರುವಾಗಲೇ. ಮಕ್ಕಳಿಲ್ಲದ ಮನೆ, ನಾವಿಬ್ಬರೂ ಇಲ್ಲದಿದ್ದರೆ ಅವರ ಮೊದಲ ಎಡೆ ಇಡುವವರು ಇನ್ನಾರು? ಹಸಿದು ಬಂದವರು ಬೀಗ ನೋಡಿ ಹಿಂದಿರುಗುವರಲ್ಲ ಎಂಬ ಸಂಕಟ ದಾರಿಯುದ್ದಕ್ಕೂ ನನ್ನನ್ನು ತಿಂದಿತು.

ಶರತ್ಕಾಲದ ಪಲೆರ್ಮೊ ಅವರು ಹೇಳಿದ್ದಕ್ಕಿಂತ ಚೆಲುವಾಗಿತ್ತು. ಗುಮ್ಮಟಗಳ ಮೇಲೆ ಹದವಾದ ಬಿಸಿಲು, ಬೀದಿಸಂತೆಯಲ್ಲಿ ದಾಳಿಂಬೆ ಅಂಜೂರಗಳ ರಾಶಿ. ಆದರೆ ನನ್ನ ಕಣ್ಣು ಹುಡುಕುತ್ತಿದ್ದದ್ದು ಬಾಳೆಹಣ್ಣನ್ನು. ಅಮಾವಾಸ್ಯೆಯಂದು ಬಾಡಿಗೆ ಕೋಣೆಯಲ್ಲೇ ಅಡುಗೆ ಮಾಡಿ, ಅವರ ಪಟದ ಮುಂದೆ ಹುಳಿಯನ್ನ, ಶಾವಿಗೆ ಪಾಯಸ, ರಸಬಾಳೆಯ ಬದಲಿಗೆ ಸಿಕ್ಕಿದ ಬಾಳೆಹಣ್ಣು, ಹೊಸ ಬಿಳಿ ಅಂಗಿ ಇಟ್ಟೆವು. ಕೈಮುಗಿದು ಬರಿಗಾಲಲ್ಲಿ ಮೆಟ್ಟಿಲಿಗೆ ಬಂದು ಬಾಗಿಲು ಮುಂದೆ ಮಾಡಿದೆ. ಅದು ಕ್ಲಿಕ್ಕೆಂದಿತು. ಕೀಲಿಕೈ, ಮೊಬೈಲು, ಚಪ್ಪಲಿ ಎಲ್ಲ ಒಳಗೆ.

ಸರೋಜ ಭುಜ ಕೊಟ್ಟು ನೂಕಿ ನೋಡಿದಳು. "ಅಣ್ಣ ಬಂದವ್ನೆ ಕಣತ್ತಿಗೆ. ಒಳಗಿಂದ ಚಿಲ್ಕ ಆಕ್ಕಂಡವ್ನೆ" ಎಂದಳು. ಅವರು ಹೋದ ಮೇಲೆ ನಾನು ಮನಸಾರೆ ನಕ್ಕದ್ದು ಅದೇ ಮೊದಲು. ನಗು ಮುಗಿಯುವ ಮೊದಲೇ ಅಳು ಬಂತು.

ಸದ್ದು ಕೇಳಿ ಕೆಳಮನೆಯ ಮುದುಕಿ ರೋಸಾ ಮೇಲೆ ಬಂದರು. ಭಾಷೆ ಬಾರದು. ನಾನು ಬಾಗಿಲು ತೋರಿಸಿ, ಆಕಾಶ ತೋರಿಸಿ, ಉಣ್ಣುವಂತೆ ಕೈಯನ್ನು ಬಾಯಿಗೆ ಒಯ್ದೆ. ನಮಗೆ ತಲೆ ಕೆಟ್ಟಿದೆ ಎಂದುಕೊಳ್ಳುವರೆಂದು ಅಂಜಿದರೆ, ಆಕೆ ನನ್ನ ಕೈಹಿಡಿದು ಕೆಳಗೆ ಕರೆದೊಯ್ದು, ಗೋಡೆಯ ಮೇಲಿದ್ದ ಗಂಡನ ಪಟ ಇಳಿಸಿ, "ಸಾಲ್ವೊ" ಎಂದು ಹೆಸರು ಹೇಳಿ, ಮೇಜಿನ ಮೇಲಿಟ್ಟು, ಅದರ ಮುಂದೆ ಒಂದು ತಟ್ಟೆ ಇಟ್ಟು ತೋರಿಸಿದರು. ಅವರಲ್ಲೂ ಸತ್ತವರು ಬಂದುಹೋಗುವ ದಿನವೊಂದಿದೆಯೆಂದು ನನಗೆ ಮಾತಿಲ್ಲದೆಯೇ ತಿಳಿಯಿತು.

ಮನೆಯೊಡೆಯನಿಗೆ ಫೋನು ಮಾಡಿ, ಅವನು ಕೀಲಿ ತರುವವರೆಗೆ ಆಕೆ ನಮ್ಮನ್ನು ಬರಿದೇ ಕೂರಿಸಲಿಲ್ಲ. ಬೆಳಗಿನಿಂದ ಉಪವಾಸವಿದ್ದ ನಮಗೆ ರೊಟ್ಟಿ, ಜೊತೆಗೆ ಹುಳಿಸಿಹಿಯಾದ ಬದನೆಕಾಯಿ. ಥೇಟ್ ನಮ್ಮ ಗೊಜ್ಜು. ನಮ್ಮೆಜಮಾನರಿಗೆ ಉಣ್ಣಿಸಲೆಂದು ಸಾಮಾನನ್ನೆಲ್ಲ ಅಷ್ಟು ದೂರ ಹೊತ್ತುಕೊಂಡು ಹೋದದ್ದು ನಾನು, ನನಗೆ ಉಣ್ಣಿಸಲು ಏರ್ಪಾಡು ಮಾಡಿದ್ದು ಅವರು ಎಂದೇ ಇಂದಿಗೂ ನಂಬಿದ್ದೇನೆ. ಆ ತಾಯಿಯ ಋಣವನ್ನು ಯಾವ ಭಾಷೆಯಲ್ಲಿ ಹೇಳಿದರೂ ತೀರದು.

ಈ ವರ್ಷ ನಂಜನಗೂಡಿನಲ್ಲೇ ಎಡೆಯಿಟ್ಟೆ, ಎರಡು ಎಲೆ ಹಾಕಿ. ಎರಡನೆಯದಕ್ಕೆ ಬೆಲ್ಲ ಮುಂದಾದ ಬದನೆಕಾಯಿ ಗೊಜ್ಜು ಬಡಿಸಿದೆ.

"ಸಾಲ್ವೊ ಅಷ್ಟು ದೂರದಿಂದ ದಾರಿ ಕಂಡ್ಕಂಡು ಬತ್ತರಾ ಅತ್ತಿಗೆ?" ಎಂದಳು ಸರೋಜ.

"ನಿಮ್ಮಣ್ಣ ಕರ್ಕೊಂಡು ಬತ್ತಾರೆ. ಹೋಗಿ ಬಂದ ದಾರಿ ತಾನೆ" ಎಂದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದೆ.